ಶೋಲಾ ಹಕ್ಕಿ ಗೋವಾ ಗಡಿ ಮುಟ್ಟಲಿಲ್ಲ ಏಕೆ? ಬೇರ್ಪಟ್ಟ ಬೆಟ್ಟಗಳಲ್ಲಿ ಪ್ರಭೇದ ಹುಟ್ಟುವ ಲೆಕ್ಕ

ಪಣಜಿ, ಫೋಂಡಾ, ವಾಸ್ಕೋಗಳಲ್ಲಿ ನೆಲೆಸಿ, ರಜೆಯ ದಿನ ಚೋರ್ಲಾ ಘಾಟಿಗೋ ಮೋಲೆಂಗೋ ತಾಂಬಡಿ ಸುರ್ಲಾಕ್ಕೋ ಹಕ್ಕಿ ನೋಡಲು ಹೋಗುವ ಕನ್ನಡಿಗರು ಊರಿಗೆ ಹೋದಾಗ ಬಾಬಾಬುಡನ್‌ಗಿರಿಯನ್ನೂ ಹತ್ತುತ್ತಾರೆ. ಅಲ್ಲಿ ನೀಲಗಿರಿ ಶೋಲಾಕಿಳಿ (ಶೋಲಾ ಎಂಬ, ಎತ್ತರದ ಬೆಟ್ಟಗಳ ತೇವದ ಕಾಡಿನ ಪುಟ್ಟ ಹಕ್ಕಿ) ಕಂಡವರು ವಾಪಸು ಬಂದು ಕೇಳುವ ಪ್ರಶ್ನೆ ಒಂದೇ: ಇದೂ ಅದೇ ಸಹ್ಯಾದ್ರಿ, ಇಲ್ಲೂ ಕಾಡಿದೆ, ಮಳೆಯಂತೂ ಸುರಿಯುತ್ತದೆ, ಮತ್ತೆ ಆ ಹಕ್ಕಿ ಇಲ್ಲೇಕಿಲ್ಲ?

"ಎತ್ತರ ಸಾಲದು" ಎಂಬುದು ಸಿದ್ಧ ಉತ್ತರ. ಅರ್ಧ ಸರಿ. ಗೋವಾದ ಅತಿ ಎತ್ತರದ ಶಿಖರ, ಸತ್ತರಿ ತಾಲ್ಲೂಕಿನ ಸೊನ್ಸೊಗೊರ್, 1,200 ಮೀಟರ್ ಕೂಡ ಮುಟ್ಟುವುದಿಲ್ಲ. ಆದರೆ ಇನ್ನೂ ಉತ್ತರಕ್ಕೆ ಮಹಾಬಳೇಶ್ವರ 1,300 ಮೀಟರ್ ದಾಟುತ್ತದೆ, ಕಳಸೂಬಾಯಿ 1,646 ಮೀಟರ್ ಇದೆ. ಅಲ್ಲೂ ಶೋಲಾಕಿಳಿ ಇಲ್ಲ. ಉತ್ತರ ಸಹ್ಯಾದ್ರಿಯಲ್ಲಿ ನಾಲ್ಕು ತಿಂಗಳು ಮಳೆ ಹೊಡೆದು ಉಳಿದ ಏಳೆಂಟು ತಿಂಗಳು ನೆಲ ಒಣಗುತ್ತದೆ. ವರ್ಷವಿಡೀ ತೇವವಿರುವ ತರಗೆಲೆಯಲ್ಲಿ ಹುಳು ಹೆಕ್ಕುವ ಹಕ್ಕಿಗೆ ಒಟ್ಟು ಮಳೆಯ ಸೆಂಟಿಮೀಟರ್ ಮುಖ್ಯವಲ್ಲ. ಮಳೆಯಿಲ್ಲದ ತಿಂಗಳು ಎಷ್ಟು ಎಂಬುದು ಮುಖ್ಯ. ಒಂದುವೇಳೆ ಮಹಾಬಳೇಶ್ವರದ ಕಾಡು ಅದಕ್ಕೆ ಒಗ್ಗುತ್ತದೆ ಎಂದೇ ಇಟ್ಟುಕೊಂಡರೂ ಅಲ್ಲಿಗೆ ಬರುವುದು ಹೇಗೆ? ಕೊಡಚಾದ್ರಿಯಿಂದ ಉತ್ತರಕ್ಕೆ ಘಟ್ಟ ತಗ್ಗುತ್ತಾ ಹೋಗುತ್ತದೆ. ನೂರಾರು ಕಿಲೋಮೀಟರ್ ಬೆಚ್ಚಗಿನ ಕಾಡು, ಗದ್ದೆ, ಬಯಲು ದಾಟುವ ಹಕ್ಕಿಯೇ ಅದಲ್ಲ.

ಈ "ದಾಟುವ ಹಕ್ಕಿಯೇ ಅಲ್ಲ" ಎಂಬ ಮಾತಿನಲ್ಲಿ ಪ್ರಭೇದ ಹುಟ್ಟುವ ಕಥೆಯ ಮುಕ್ಕಾಲು ಪಾಲು ಇದೆ.

ಶೋಲಾಕಿಳಿ ಹದಿನೈದು ಸೆಂಟಿಮೀಟರ್ ಆಸುಪಾಸಿನ, ಗಿಡ್ಡ ದುಂಡು ರೆಕ್ಕೆಯ, ಗಟ್ಟಿ ಕಾಲಿನ ಹಕ್ಕಿ. ಶೋಲಾ ಕಾಡಿನ ನೆಲದಲ್ಲಿ, ನೆರಳಲ್ಲಿ ಕುಪ್ಪಳಿಸುತ್ತದೆ. ಅದಕ್ಕೆ ಹಾರಲು ಬರುವುದಿಲ್ಲ ಎಂದಲ್ಲ. ಒಂದು ಪೊದೆಯಿಂದ ಇನ್ನೊಂದಕ್ಕೆ ಹಾರುತ್ತದೆ. ತೆರೆದ ಬಯಲು ಎದುರಾದರೆ ಅಂಚಿನಲ್ಲಿ ನಿಂತು ಹಿಂದಿರುಗುತ್ತದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಇದಕ್ಕಿಂತಲೂ ನೆಲಕ್ಕಂಟಿದ ಟಪಾಕುಲೋ ಹಕ್ಕಿಗಳಿವೆ. ಸ್ಕೈಟಲೋಪಸ್ ಎಂಬ ಒಂದೇ ಕುಲದಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳು. ಎಲ್ಲವೂ ಬೂದು ಬಣ್ಣ, ಇಲಿಯ ಗಾತ್ರ, ಇಲಿಯದೇ ಓಟ. ಕಣ್ಣಿಗೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ, ಕೂಗಿನಿಂದಲೇ ಗುರುತು. 2014ರಲ್ಲಿ ಬ್ರೆಜಿಲ್‌ನ ಬಹಿಯಾ ಬೆಟ್ಟಗಳಿಂದ ಒಂದು, 2020ರಲ್ಲಿ ಪೆರುವಿನಿಂದ ಒಮ್ಮೆಗೇ ಮೂರು ಹೊಸ ಪ್ರಭೇದಗಳು ಈ ಕುಲಕ್ಕೆ ಸೇರಿದವು. ಹೆಚ್ಚು ಹಾರದ ಹಕ್ಕಿಯ ಕುಲದಲ್ಲಿ ಪ್ರಭೇದ ಹೆಚ್ಚಿರುವುದು ಕಾಕತಾಳೀಯವಲ್ಲ.

ಹಾರುವ ಒಲವನ್ನು ಅಳೆಯಲು ಒಂದು ಸರಳ ಅಳತೆಯಿದೆ. ಮಡಿಸಿದ ರೆಕ್ಕೆಯ ಉದ್ದ ತೆಗೆದುಕೊಳ್ಳಿ. ಅದೇ ರೆಕ್ಕೆಯಲ್ಲಿ, ಒಳಗರಿಗಳ ಪೈಕಿ ಹೊರತುದಿಯದರ ಕೊನೆಯಿಂದ ಅತಿ ಉದ್ದದ ಹೊರಗರಿಯ ಕೊನೆಯವರೆಗಿನ ದೂರ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಹ್ಯಾಂಡ್-ವಿಂಗ್ ಇಂಡೆಕ್ಸ್. ದೂರ ಹಾರುವ ಚೂಪು ರೆಕ್ಕೆಗೆ ಈ ಸಂಖ್ಯೆ ದೊಡ್ಡದು, ದುಂಡು ರೆಕ್ಕೆಗೆ ಚಿಕ್ಕದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ಪ್ರಭೇದಗಳಿಗೆ ಈ ಅಳತೆ ಒದಗಿಸಿತು. ಎಡವುವುದು ಎಲ್ಲಿ ಎಂದರೆ, ಗರಿ ಉದುರಿ ಹೊಸದು ಬರುತ್ತಿರುವ ಹಕ್ಕಿಯನ್ನು ಅಳೆದಾಗ, ಅಥವಾ ಮ್ಯೂಸಿಯಂನ ಒಣಗಿದ ಮಾದರಿಯನ್ನೂ ಜೀವಂತ ಹಕ್ಕಿಯನ್ನೂ ಒಂದೇ ಪಟ್ಟಿಗೆ ಹಾಕಿದಾಗ. ಒಣಗಿದ ರೆಕ್ಕೆ ಸ್ವಲ್ಪ ಕುಗ್ಗಿರುತ್ತದೆ. ಮುಂಬೈನ ಬಿಎನ್‌ಎಚ್‌ಎಸ್‌ನಂಥ, 1883ರಿಂದಿರುವ ಪ್ರಕೃತಿ ಅಧ್ಯಯನ ಸಂಸ್ಥೆಯ ಹಳೆಯ ಸಂಗ್ರಹ ಇಂಥ ಹೋಲಿಕೆಗೆ ಬಹಳ ದೊಡ್ಡ ಆಸ್ತಿ, ಈ ಎಚ್ಚರ ಇದ್ದರೆ.

ಆದರೆ ರೆಕ್ಕೆ ನೋಡಿ ಎಲ್ಲವನ್ನೂ ಹೇಳಿಬಿಡಲಾಗದು. ಮನಸ್ಸೂ ಬೇಕು. ಪನಾಮಾದ ಗಾಟೂನ್ ಸರೋವರದಲ್ಲಿ ಸಂಶೋಧಕರು ಕಾಡಿನ ಹಕ್ಕಿಗಳನ್ನು ದೋಣಿಯಲ್ಲಿ ಕೊಂಡೊಯ್ದು ದಡದಿಂದ ಬೇರೆ ಬೇರೆ ದೂರದಲ್ಲಿ ಹಾರಿಬಿಟ್ಟರು. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಕೆಲವು ಪ್ರಭೇದಗಳು ಬರೀ ನೂರು ಮೀಟರ್ ನೀರು ದಾಟುವಲ್ಲೂ ಸೋತವು. ಇತ್ತ, ಪುಣೆಯವರು ಮಳೆಗಾಲದಲ್ಲಿ ಸಿಂಹಗಡದ ಇಳಿಜಾರಿನಲ್ಲಿ ನೋಡುವ ಅಗಲ ಬಾಲದ ಹುಲ್ಲುಹಕ್ಕಿ, ಬ್ರಾಡ್-ಟೇಲ್ಡ್ ಗ್ರಾಸ್‌ಬರ್ಡ್, ಹಾರುವುದು ನೋಡಿದರೆ ಪಾಪ ಎನಿಸುತ್ತದೆ. ಅದು ಮಾತ್ರ ಪುಣೆ ಕಡೆಯ ಬೆಟ್ಟಗಳಿಂದ ಕೇರಳದವರೆಗೂ ಒಂದೇ ಪ್ರಭೇದ.

ಕಣಿವೆಗಳ ಕೆಲಸ

ಕೇರಳದ ಪಾಲಕ್ಕಾಡ್ ಕಣಿವೆ ಪಶ್ಚಿಮ ಘಟ್ಟದಲ್ಲಿ ಸುಮಾರು 30 ಕಿ.ಮೀ. ಅಗಲದ ಬಿರುಕು. ಉತ್ತರಕ್ಕೆ 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ದಕ್ಷಿಣಕ್ಕೆ 2,695 ಮೀಟರ್‌ನ ಆನೆಮುಡಿ, ನಡುವೆ ನೆಲ 150 ಮೀಟರ್‌ಗಿಂತ ಕೆಳಗೆ. ಮೇಲಿನ ಹಕ್ಕಿಗೆ ಈ ತಗ್ಗು ಬರೀ ದೂರವಲ್ಲ, ಬೇರೆಯದೇ ಹವೆ. 1967ರಲ್ಲಿ ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ ಮಂಡಿಸಿದ ವಾದ ಇಲ್ಲಿ ಉಪಯುಕ್ತ: ಉಷ್ಣವಲಯದಲ್ಲಿ ವರ್ಷವಿಡೀ ಉಷ್ಣತೆ ಹೆಚ್ಚು ಏರಿಳಿಯದ ಕಾರಣ ಪ್ರತಿ ಎತ್ತರದ ಜೀವಿಯೂ ಅದೇ ಎತ್ತರದ ಹವೆಗೆ ಒಗ್ಗಿಹೋಗಿರುತ್ತದೆ, ಹಾಗಾಗಿ ಅಷ್ಟೇ ಆಳದ ಕಣಿವೆ ಶೀತದೇಶದ ಜೀವಿಗಿಂತ ಇಲ್ಲಿಯ ಜೀವಿಗೆ ದೊಡ್ಡ ತಡೆ.

2015ರ ಒಂದು ಅಧ್ಯಯನ ಪಶ್ಚಿಮ ಘಟ್ಟದ ಒಂಬತ್ತು ತಾಣಗಳಲ್ಲಿ 23 ಪ್ರಭೇದಗಳ 356 ಹಕ್ಕಿಗಳ ಡಿಎನ್‌ಎ ಹೋಲಿಸಿತು. 23ರಲ್ಲಿ 10 ಪ್ರಭೇದಗಳ ಅತಿ ಹಳೆಯ ಒಡಕು ಪಾಲಕ್ಕಾಡ್ ಕಣಿವೆಯ ಎರಡು ಬದಿಗಳ ನಡುವೆ ಇತ್ತು. ಆ ಹತ್ತರಲ್ಲಿ ಕೆಲವಕ್ಕೆ ಮಾತ್ರ ಇದಕ್ಕಿಂತ ಕಿರಿದಾದ ಕಣಿವೆಗಳಲ್ಲಿ ಇನ್ನಷ್ಟು ಎಳೆಯ ಒಡಕುಗಳಿದ್ದವು. ಒಡಕುಗಳ ಕಾಲ ಒಂದೇ ಆಗಿರಲಿಲ್ಲ; ಹೆಚ್ಚಿನವು ಹಿಮಯುಗಗಳು ಬಂದುಹೋದ ಪ್ಲೀಸ್ಟೊಸೀನ್ ಅವಧಿಯವು. ಪತ್ರಿಕೆಗಳ ಸುದ್ದಿಯಲ್ಲಿ ಬಿಟ್ಟುಹೋಗುವ ಮುಖ್ಯ ಸಂಗತಿ ಎಂದರೆ ಉಳಿದ 13 ಪ್ರಭೇದಗಳು. ಅವಕ್ಕೆ ಈ ಕಣಿವೆ ಲೆಕ್ಕಕ್ಕೇ ಇಲ್ಲ. ಕಣಿವೆ ತಾನಾಗಿ ತಡೆಯಲ್ಲ, ಯಾರಿಗೆ ಎಂದು ಕೇಳಬೇಕು.

ಕಾಲವೂ ಏಕೆ ಬೇಕು ಎಂದರೆ, ಕಣಿವೆಗಳು ಲಕ್ಷಾಂತರ ವರ್ಷಗಳಿಂದ ಅಲ್ಲೇ ಇದ್ದರೂ ಕಾಡು ನಿಂತಲ್ಲೇ ನಿಂತಿರಲಿಲ್ಲ. ನೀಲಗಿರಿಯ ಜೌಗು ಮಣ್ಣಿನ ಪದರಗಳಲ್ಲಿ ಇಂಗಾಲದ ಐಸೊಟೋಪ್ (ಬೇರೆ ಬೇರೆ ತೂಕದ ಇಂಗಾಲದ ಪರಮಾಣು) ಅಳೆದು 1993ರಲ್ಲಿ ಪ್ರಕಟಿಸಿದ ಕೆಲಸ, ಕಳೆದ ಸುಮಾರು 20,000 ವರ್ಷಗಳಲ್ಲಿ ಹುಲ್ಲುಗಾವಲೂ ಕಾಡೂ ಜಾಗ ಬದಲಿಸಿಕೊಂಡದ್ದನ್ನು ತೋರಿಸಿತು. ಒಣ ಕಾಲದಲ್ಲಿ ಕಾಡು ಹೊಂಡಗಳಿಗೆ ಮುದುರಿಕೊಂಡು ಹಕ್ಕಿಗಳು ಬೇರ್ಪಡುತ್ತವೆ, ತೇವ ಬಂದಾಗ ಕಾಡು ಹರಡಿ ಕೆಲವು ಮತ್ತೆ ಕೂಡುತ್ತವೆ. ಕೂಡಿದ ಹೊತ್ತಿಗೆ ಬದಲಾವಣೆ ಸಾಕಷ್ಟು ಆಗಿದ್ದರೆ ಎರಡು ಪ್ರಭೇದ, ಇಲ್ಲದಿದ್ದರೆ ಮತ್ತೆ ಒಂದು.

ಎಷ್ಟು ಬೆರಕೆ ಸಾಕು ಈ ಬೇರ್ಪಡುವಿಕೆಯನ್ನು ಕೆಡಿಸಲು? ಜೀವಿಗುಂಪುಗಳ ತಳಿಶಾಸ್ತ್ರದ ಹಳೆಯ ಸೂತ್ರದ ಪ್ರಕಾರ ತಲೆಮಾರಿಗೆ ಒಂದೆರಡು ಹಕ್ಕಿ ಆಚೆಯಿಂದ ಬಂದು ಮರಿಮಾಡಿದರೂ ಆಕಸ್ಮಿಕ ಬದಲಾವಣೆಗಳು ಎರಡೂ ಕಡೆ ಬೇರೆ ಬೇರೆಯಾಗಿ ನೆಲೆಗೊಳ್ಳುವುದು ಕಷ್ಟ. ಅಂದರೆ ತಡೆ ಬಹುಮಟ್ಟಿಗೆ ಪೂರ್ಣ ಇರಬೇಕು. ಇಲ್ಲೇ ನೆಲಹಕ್ಕಿ ಗೆಲ್ಲುತ್ತದೆ: ಮಂಗಟ್ಟೆಯಂಥ ಹಕ್ಕಿ ಹಣ್ಣು ಹುಡುಕುತ್ತಾ ಕಣಿವೆ ದಾಟುವುದು ದಿನನಿತ್ಯದ ಮಾತು, ಶೋಲಾಕಿಳಿ ತಲೆಮಾರುಗಟ್ಟಲೆ ದಾಟುವುದಿಲ್ಲ.

ಹೆಸರು ಬರುವುದು ಹೇಗೆ

ಶೋಲಾಕಿಳಿಯನ್ನು 1840ರ ದಶಕದಲ್ಲಿ ಹಕ್ಕಿತಜ್ಞ ಜೆರ್ಡನ್ ವಿವರಿಸಿದರು, ಪಾಲಕ್ಕಾಡ್ ದಕ್ಷಿಣದ ಬಿಳಿಹೊಟ್ಟೆಯದನ್ನು 1860ರ ದಶಕದಲ್ಲಿ ಬ್ಲ್ಯಾನ್‌ಫರ್ಡ್. ಆಮೇಲೆ ಒಂದೂವರೆ ಶತಮಾನ ಇವನ್ನು ಹಿಮಾಲಯದ ಬೇರೆ ಬೇರೆ ಕುಲಗಳಿಗೆ ಸೇರಿಸಿ ತೆಗೆದು ಸಾಕಾಯಿತು. 2017ರಲ್ಲಿ ಡಿಎನ್‌ಎ, ಹಾಡು, ದೇಹದ ಅಳತೆ ಮೂರನ್ನೂ ಕೂಡಿಸಿ ನೋಡಿದಾಗ ಇವು ಆ ಯಾವ ಕುಲಕ್ಕೂ ಸೇರದೆ, ನೊಣಹಿಡುಕಗಳ ಬಳಗದಲ್ಲಿ ಬೇರೆಯೇ ಕವಲು ಎಂದು ತಿಳಿಯಿತು. ಶೋಲಿಕೋಲಾ ಎಂಬ ಹೊಸ ಕುಲ ಬಂತು. ಜೊತೆಗೆ ಶೆಂಕೋಟ್ಟೈ ಕಣಿವೆಯ ದಕ್ಷಿಣಕ್ಕಿರುವ ಅಶಂಬು ಬೆಟ್ಟಗಳ ಹಕ್ಕಿ ಮೂರನೆಯ ಪ್ರಭೇದವಾಯಿತು. ಅದೇ ಪ್ರಬಂಧದಲ್ಲಿ ಪಶ್ಚಿಮ ಘಟ್ಟದ ಲಾಫಿಂಗ್ ಥ್ರಷ್‌ಗಳೂ ಮಾಂಟೆಸಿಂಕ್ಲಾ ಎಂಬ ತಮ್ಮದೇ ಕುಲ ಪಡೆದವು: ನೀಲಗಿರಿಯಲ್ಲಿ ಒಂದು, ವಯನಾಡು ಮತ್ತು ಕೊಡಗಿನ ಬ್ರಹ್ಮಗಿರಿ ಕಡೆ ಒಂದು, ಪಳನಿ–ಆನೆಮಲೆಯಲ್ಲಿ ಒಂದು, ಅಶಂಬುವಿನಲ್ಲಿ ಒಂದು. ಪಳನಿಯದು ಫೇರ್‌ಬ್ಯಾಂಕ್ ಹೆಸರು ಹೊತ್ತಿದೆ. ಅಹಮದ್‌ನಗರ ಕಡೆ ಇದ್ದ ಆ ಪಾದ್ರಿ ಖಂಡಾಲಾ, ಮಹಾಬಳೇಶ್ವರ, ಬೆಳಗಾವಿಯ ಹಕ್ಕಿಗಳ ಪಟ್ಟಿಯನ್ನೂ ಮಾಡಿದವರು.

ಹೊಸ ಪ್ರಭೇದ ಎಂದರೆ ಯಾರೂ ನೋಡಿರದ ಹಕ್ಕಿ ಎಂದು ತಿಳಿಯುವವರು ಇನ್ನೂ ಇದ್ದಾರೆ. ಬಹುತೇಕ ಸಲ ಅದು ಎಲ್ಲರೂ ನೋಡಿದ್ದ, ಒಂದೇ ಎಂದುಕೊಂಡಿದ್ದ ಹಕ್ಕಿ. ಆಕ್ಷೇಪಗಳೂ ಇವೆ. ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಒಂದು ಜೀನ್ ಹಿಡಿದು, ಹತ್ತು ಲಕ್ಷ ವರ್ಷಕ್ಕೆ ಸುಮಾರು 2 ಪ್ರತಿಶತ ಬದಲಾವಣೆ ಎಂಬ ಕೈಲೆಕ್ಕ ಹಾಕಿ, ಪ್ರತಿ ಬೆಟ್ಟಕ್ಕೊಂದು ಪ್ರಭೇದ ಘೋಷಿಸುವ ಚಾಳಿ ಅಪಾಯಕಾರಿ. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ಗಂಡುಗಳು ದಾಟಿ ಹೆಣ್ಣುಗಳು ದಾಟದಿದ್ದರೆ ಅದು ಇಲ್ಲದ ಒಡಕನ್ನು ತೋರಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ನ್ಯೂಕ್ಲಿಯರ್ (ಕೋಶಕೇಂದ್ರದ) ಜೀನುಗಳೂ ಹಾಡೂ ದೇಹದ ಅಳತೆಯೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಹೆಸರು ಇಡಬೇಕು. 2017ರ ಕೆಲಸ ಆ ಪರೀಕ್ಷೆಯಲ್ಲಿ ನಿಲ್ಲುತ್ತದೆ.

ರಕ್ತದ ಮಾದರಿ ತೆಗೆಯುವುದು ಹವ್ಯಾಸಿಗಳ ಕೆಲಸವಲ್ಲ, ಆಗಲೂಬಾರದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮಿಸ್ಟ್ ನೆಟ್ (ಹಕ್ಕಿ ಹಿಡಿಯುವ ತೆಳು ಬಲೆ) ಕಟ್ಟುವುದು ಅಪರಾಧ. ಅನುಮತಿ ಇದ್ದವರೂ ಬಲೆಯನ್ನು ಕಾಲು ಗಂಟೆಗೊಮ್ಮೆ ನೋಡದಿದ್ದರೆ ಹಕ್ಕಿ ಮಳೆಗೋ ಬಿಸಿಲಿಗೋ ಸಾಯುತ್ತದೆ. ತೆಗೆಯುವ ರಕ್ತ ದೇಹತೂಕದ 1 ಪ್ರತಿಶತ ಮೀರಬಾರದು. 20 ಗ್ರಾಂ ಹಕ್ಕಿಯಲ್ಲಿ ಅದು 0.2 ಮಿಲಿಲೀಟರ್‌ನಷ್ಟಾಗುತ್ತದೆ. ಡಿಎನ್‌ಎಗೆ ಅದರ ನಾಲ್ಕನೇ ಒಂದು ಭಾಗವೂ ಧಾರಾಳ.

ಹಾಡಿನ ಮಾತು ಬೇರೆ. ಅಲ್ಲಿ ಹವ್ಯಾಸಿಗಳು ನಿಜಕ್ಕೂ ಉಪಕಾರಿ. ಫೋನಿನಲ್ಲಿ ಮುದ್ರಿಸುವುದಾದರೆ ಡಬ್ಲ್ಯುಎವಿ ಕಡತವಾಗಿ, 44.1 ಅಥವಾ 48 ಕಿಲೊಹರ್ಟ್ಸ್‌ನಲ್ಲಿ ಮುದ್ರಿಸುವ ಆ್ಯಪ್ ಬಳಸಬೇಕು. ಫೋನಿನ ಮಾಮೂಲಿ ವಾಯ್ಸ್ ರೆಕಾರ್ಡರ್ ಗದ್ದಲ ಕಡಿಮೆ ಮಾಡುವ ನೆಪದಲ್ಲಿ ಹಕ್ಕಿಯ ಮೇಲಿನ ಸ್ವರಗಳನ್ನೇ ಕತ್ತರಿಸುತ್ತದೆ, ಎಂಪಿ3 ಕುಗ್ಗಿಸುವಾಗ ಇನ್ನಷ್ಟು ಹೋಗುತ್ತದೆ. ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ಸ್ವಯಂಚಾಲಿತ ಗೇನ್ ಆಫ್ ಮಾಡಿ. ಒಂದೇ ಹಕ್ಕಿಯ ಐದಾರು ನಿಮಿಷದ ಹಾಡು, ಹತ್ತು ಹಕ್ಕಿಗಳ ಅರ್ಧರ್ಧ ನಿಮಿಷಕ್ಕಿಂತ ಬೇರೆ ಕೆಲಸಕ್ಕೆ ಬರುತ್ತದೆ; ಎರಡೂ ಬೇಕು, ಆದರೆ ಯಾವ ಹಕ್ಕಿ ಯಾವುದು ಎಂದು ಬರೆದಿಡಬೇಕು. ಕೊನೆಗೆ ಸ್ಥಳ, ಎತ್ತರ, ಹೊತ್ತು ಬಾಯಲ್ಲೇ ಹೇಳಿ ಮುಗಿಸಿದರೆ ಕಡತದ ಹೆಸರು ಬದಲಾದರೂ ಮಾಹಿತಿ ಉಳಿಯುತ್ತದೆ. ಶೋಲಾಕಿಳಿಯ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನ ಆರು ಗುಂಪುಗಳ 38 ಹಕ್ಕಿಗಳಿಂದ 835 ಹಾಡುಗಳನ್ನು ಹೀಗೆ ಅಳೆದೇ ನಡೆದದ್ದು.

ಪ್ಲೇಬ್ಯಾಕ್, ಅಂದರೆ ಒಂದು ಬೆಟ್ಟದ ಹಾಡನ್ನು ಇನ್ನೊಂದು ಬೆಟ್ಟದ ಹಕ್ಕಿಗೆ ಕೇಳಿಸಿ ಅದು ಎದುರಾಳಿಯೆಂದು ಕೆರಳುತ್ತದೋ ಇಲ್ಲವೋ ನೋಡುವುದು, ಪ್ರಭೇದ ನಿರ್ಣಯದಲ್ಲಿ ಬಲವಾದ ಸಾಕ್ಷ್ಯ. ಕೆಡುವುದೂ ಇಲ್ಲೇ ಹೆಚ್ಚು. ಒಂದೇ ಹಾಡಿನ ತುಣುಕನ್ನು ಇಪ್ಪತ್ತು ಹಕ್ಕಿಗೆ ಕೇಳಿಸಿದರೆ ನೀವು ಪರೀಕ್ಷಿಸಿದ್ದು ಆ ಒಂದು ಹಕ್ಕಿಯ ಹಾಡನ್ನು, ಆ ಗುಂಪಿನದನ್ನಲ್ಲ. ಹಕ್ಕಿ ಸುಮ್ಮನಿದ್ದರೆ ಅದಕ್ಕೆ ಪರಕೀಯ ಎನಿಸಿತೋ, ಆ ಹೊತ್ತಿಗೆ ಆಸಕ್ತಿಯೇ ಇರಲಿಲ್ಲವೋ ತಿಳಿಯಲು ಅದರದೇ ಗುಂಪಿನ ಹಾಡನ್ನು ಕೊನೆಗೊಮ್ಮೆ ಕೇಳಿಸಬೇಕು. ಫೋಟೋಗಾಗಿ ಗೂಡಿನ ಕಾಲದಲ್ಲಿ ಗಂಟೆಗಟ್ಟಲೆ ಹಾಡು ಹಾಕುವುದನ್ನು ಪ್ಲೇಬ್ಯಾಕ್ ಪ್ರಯೋಗ ಎನ್ನಲಾಗದು, ಅದು ಕಿರುಕುಳ.

ಗೋವಾದ ದ್ವೀಪದಂಥ ನೆಲೆಗಳು ಬೇರೆ ಅಳತೆಯವು

ಶೋಲಾಕಿಳಿ ಇಲ್ಲ ಎಂದು ಗೋವಾದ ಘಟ್ಟದಲ್ಲಿ ಪ್ರತ್ಯೇಕತೆ ಕೆಲಸ ಮಾಡಿಲ್ಲ ಎಂದುಕೊಳ್ಳಬಾರದು. ದಾಟುವ ಶಕ್ತಿ ಇನ್ನೂ ಕಡಿಮೆ ಇರುವ ಜೀವಿಗಳನ್ನು ನೋಡಬೇಕು. ಸಾಂಖಳಿಯಿಂದ ಬೆಳಗಾವಿಗೆ ಹೋಗುವ ಚೋರ್ಲಾ ರಸ್ತೆಯನ್ನೇ ತೆಗೆದುಕೊಳ್ಳಿ. ಘಾಟಿನ ಬುಡದ ಕೇರಿ ಗ್ರಾಮದಿಂದ ಗೆಗೆನಿಯೋಫಿಸ್ ಗೋವೆನ್ಸಿಸ್, ತಲೆಯ ಚೋರ್ಲಾದಿಂದ ಗೆಗೆನಿಯೋಫಿಸ್ ಮ್ಹಾದೆಯಿಯೆನ್ಸಿಸ್, ಎರಡೂ 2007ರಲ್ಲೇ ವಿವರಿಸಲ್ಪಟ್ಟ ಸಿಸಿಲಿಯನ್‌ಗಳು. ಎರೆಹುಳದಂತೆ ಕಾಣುವ, ಕಾಲಿಲ್ಲದ, ಮಣ್ಣೊಳಗೇ ಬದುಕುವ ಕಪ್ಪೆಯ ದೂರದ ಬಂಧುಗಳಿವು. ಊರಿನವರು ಹಾವೆಂದು ಕೊಲ್ಲುವುದುಂಟು. ಗಡಿಯಾಚೆ ಅಂಬೋಲಿಯ ಕಲ್ಲುಹಾಸಿನಲ್ಲಿ ಮಾತ್ರ, ಬಹಳ ಸಣ್ಣ ಪ್ರದೇಶದಲ್ಲಿ ಕ್ಸಾಂಥೋಫ್ರೈನ್ ಟೈಗೆರಿನಾ ಎಂಬ ಪಟ್ಟೆಯ ಗೋಂಕುರು ಕಪ್ಪೆ ಇದೆ; ಅದರ ಒಬ್ಬಳೇ ಅಕ್ಕ ಎನ್ನಬಹುದಾದ ಕೊಯ್ನಾ ಪ್ರಭೇದ ನೂರಕ್ಕೂ ಹೆಚ್ಚು ಕಿ.ಮೀ. ಉತ್ತರಕ್ಕಿದೆ. ಇಡೀ ಕುಲ ಉತ್ತರ ಸಹ್ಯಾದ್ರಿಯದೇ. ಗೋವಾದ ಮುರಕಲ್ಲಿನ ಸಡಾಗಳಿಂದ (ಬೆಟ್ಟದ ಮೇಲಿನ ಚಪ್ಪಟೆ ಕಲ್ಲುಬಯಲು) 2018ರಲ್ಲಿ ಫೆಜೆರ್ವಾರಿಯಾ ಗೋಯೆಂಚಿ ಎಂಬ ಕಪ್ಪೆ ಬಂತು. ಈ ಕಪ್ಪೆಗಳಿಗೆ ಮಳೆಗಾಲದಲ್ಲಿ ಕೆಲವೇ ವಾರ ನೀರು ನಿಲ್ಲುವ ಕಲ್ಲಿನ ಗುಂಡಿಯೇ ಮನೆ. ಎರಡು ಸಡಾಗಳ ನಡುವಿನ ಕಾಡುಕಣಿವೆ ನಮಗೆ ಅರ್ಧ ಗಂಟೆಯ ನಡಿಗೆ. ಅವಕ್ಕೆ ಅದೇ ಪಾಲಕ್ಕಾಡ್.

ಮಹಾದಾಯಿ ಎಂದರೆ ಎರಡೂ ರಾಜ್ಯಗಳಲ್ಲಿ ಟಿಎಂಸಿ ಲೆಕ್ಕ ಮಾತ್ರ ನೆನಪಾಗುವುದು ಈ ದೃಷ್ಟಿಯಿಂದ ದುರದೃಷ್ಟ. ಜಾಂಬೋಟಿ–ಕಣಕುಂಬಿ–ಚೋರ್ಲಾದ ನೆಲದೊಳಗಿನ ಜೀವಿಗಳಿಗೆ ಗಡಿ ಯಾವ ಕಡೆ ಎಂಬುದು ಗೊತ್ತಿಲ್ಲ.

ಇನ್ನು ಸಾಮಾನ್ಯವಾಗಿ ಕೇಳಿಬರುವ ಒಂದು ತಪ್ಪು ತರ್ಕ: ಬೇರ್ಪಟ್ಟರೆ ಹೊಸ ಪ್ರಭೇದ ಹುಟ್ಟುವುದಾದರೆ, ರಸ್ತೆ, ರೈಲು, ವಿದ್ಯುತ್ ಮಾರ್ಗದಿಂದ ಕಾಡು ತುಂಡಾದರೆ ಏನು ನಷ್ಟ? ಲೆಕ್ಕ ಹಾಕಿ ನೋಡೋಣ. ಮರಿಮಾಡುವ ಜೀವಿಗಳ ಪರಿಣಾಮಕಾರಿ ಸಂಖ್ಯೆ ಎನ್ ಆದರೆ ಪ್ರತಿ ತಲೆಮಾರಿಗೆ ತಳಿವೈವಿಧ್ಯದ 1/(2ಎನ್) ಭಾಗ ಕಳೆಯುತ್ತದೆ. ತಲೆಮಾರು ಎರಡು ವರ್ಷ ಎಂದಿಟ್ಟುಕೊಳ್ಳಿ. 500 ಇದ್ದರೆ ನೂರು ವರ್ಷದಲ್ಲಿ, ಅಂದರೆ ಐವತ್ತು ತಲೆಮಾರಿನಲ್ಲಿ, 95 ಪ್ರತಿಶತ ಉಳಿಯುತ್ತದೆ. ತುಂಡಾದ ಕಾಡಿನಲ್ಲಿ 25 ಮಾತ್ರ ಉಳಿದಿದ್ದರೆ ಅದೇ ಅವಧಿಯಲ್ಲಿ ಉಳಿಯುವುದು 36 ಪ್ರತಿಶತ. ಪ್ರಭೇದವಾಗಲು ಲಕ್ಷಗಟ್ಟಲೆ ವರ್ಷ ಬೇಕು, ಬಡವಾಗಲು ನೂರು ವರ್ಷ ಸಾಕು. ಹಳೆಯ ಕಣಿವೆಗಳ ಎರಡೂ ಬದಿಯಲ್ಲಿ ಸಾವಿರಾರು ಹಕ್ಕಿ ಇದ್ದವು. ಕಡಿದ ಕಾಡಿನ ತುಂಡಿನಲ್ಲಿ ಅಷ್ಟಿರುವುದಿಲ್ಲ. ಮೇಲೆ ಹೇಳಿದ 2016ರ ಅಧ್ಯಯನ ಹಳೆಯ ಕಣಿವೆಯಿಂದ ಬೇರ್ಪಟ್ಟ ಗುಂಪುಗಳನ್ನೂ ಈಚಿನ ಕಾಡುನಾಶದಿಂದ ಬೇರ್ಪಟ್ಟವನ್ನೂ ಹೋಲಿಸಿತ್ತು. ಜೀನಿನಲ್ಲಿ ಬೇರೆಯಾಗದ ತುಂಡುಗಳಲ್ಲೂ ಹಾಡಿನ ಕೆಲವು ಸೂಕ್ಷ್ಮ ಲಕ್ಷಣಗಳು ಆಗಲೇ ಬೇರೆಯಾಗಿದ್ದವು. ಹಾಡು ಕಲಿತು ಬರುವಂಥದ್ದು, ಬೇಗ ಜಾರುತ್ತದೆ. ಅದನ್ನು ಹೊಸ ಪ್ರಭೇದದ ಮೊಳಕೆ ಎಂದು ಸಂಭ್ರಮಿಸುವುದಕ್ಕಿಂತ ಹಕ್ಕಿಗಳು ಒಬ್ಬರ ದನಿ ಒಬ್ಬರಿಗೆ ಕೇಳದಷ್ಟು ದೂರವಾಗಿವೆ ಎಂಬ ಎಚ್ಚರಿಕೆಯಾಗಿ ಓದುವುದು ಸರಿ.

ಬೆಟ್ಟದ ತುದಿಯ ಜೀವಿಗೆ ಕೆಳಗಿನಿಂದಲೂ ಒತ್ತಡವಿದೆ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುವುದರಿಂದ, ಹವೆ 1 ಡಿಗ್ರಿ ಬೆಚ್ಚಗಾದರೆ ಅದೇ ತಂಪಿಗಾಗಿ ಸುಮಾರು 150 ಮೀಟರ್ ಮೇಲೆ ಹೋಗಬೇಕು. ಶಂಕುವಿನಾಕಾರದ, 2,000 ಮೀಟರ್ ಎತ್ತರದ ಬೆಟ್ಟದಲ್ಲಿ 1,400 ಮೀಟರ್‌ನಿಂದ ಮೇಲೆ ಬದುಕುವ ಹಕ್ಕಿ 1,550ಕ್ಕೆ ಸರಿದರೆ ಕಳೆದುಕೊಳ್ಳುವ ಜಾಗ 44 ಪ್ರತಿಶತ. ಹಾರಿ ಇನ್ನೊಂದು ಬೆಟ್ಟಕ್ಕೆ ಹೋಗುವ ಆಯ್ಕೆ ಅದಕ್ಕಿಲ್ಲ.

ಗೋವಾದಲ್ಲಿ ಇದು ಬರೀ ಪುಸ್ತಕದ ಚರ್ಚೆಯಲ್ಲ. ಕ್ಯಾಸಲ್‌ರಾಕ್–ಕುಳೆ ನಡುವಿನ ರೈಲು ಜೋಡಿಮಾರ್ಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಇಂಥ ಯೋಜನೆಗಳ ಚರ್ಚೆ ಹುಲಿ, ಕಾಡೆಮ್ಮೆಯ ದಾಟುಹಾದಿಯಲ್ಲೇ ಮುಗಿದುಹೋಗುತ್ತದೆ. ಕಾಡೆಮ್ಮೆಗೆಂದು ಕಟ್ಟಿದ ಎತ್ತರದ ಸೇತುವೆಯ ಕೆಳಗೆ ಒಣ ಕಾಂಕ್ರೀಟ್ ಇದ್ದರೆ ಕಪ್ಪೆ ದಾಟುವುದಿಲ್ಲ. ಅದಕ್ಕೆ ಬೇಕಾದದ್ದು ತೀರಾ ಅಗ್ಗದ್ದು: ರಸ್ತೆಯಡಿಯ ಮೋರಿಯ ತಳದಲ್ಲಿ ಮಣ್ಣು ಮತ್ತು ತರಗೆಲೆ, ನೀರು ರಭಸವಾಗಿ ಹರಿಯದಂಥ ಒಂದು ಅಂಚು, ಎರಡೂ ಬದಿ ಮೋರಿಯ ಬಾಯಿಗೆ ದಾರಿ ತೋರುವ ಸುಮಾರು ಅರ್ಧ ಮೀಟರ್ ಎತ್ತರದ, ಮೇಲಂಚು ಹೊರಕ್ಕೆ ಬಾಗಿದ ತಡೆಗೋಡೆ. ಅಂಚು ಬಾಗಿರದಿದ್ದರೆ ಕಪ್ಪೆ ಹತ್ತಿ ರಸ್ತೆಗೆ ಬರುತ್ತದೆ. ಬೇಸಿಗೆಯಲ್ಲಿ ಹೂಳು ತೆಗೆಯದಿದ್ದರೆ ಮೊದಲ ಮಳೆಗೇ ಮೋರಿ ಕಟ್ಟಿಕೊಳ್ಳುತ್ತದೆ.

ಸಾರ್ವಜನಿಕ ಅಹವಾಲಿಗೆ ಹೋಗುವವರು ಪರಿಸರ ಪರಿಣಾಮ ವರದಿಯಲ್ಲಿ ಮೊದಲು ನೋಡಬೇಕಾದದ್ದು ಸಮೀಕ್ಷೆ ನಡೆದ ತಿಂಗಳು. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ರೂಢಿ ಗಾಳಿ, ಧೂಳು ಅಳೆಯಲು ಸರಿಯಿರಬಹುದು. ಸಿಸಿಲಿಯನ್ ಮೇಲ್ಮಣ್ಣಿಗೆ ಬರುವುದು, ಸಡಾದ ಗುಂಡಿಯಲ್ಲಿ ಕಪ್ಪೆ ಮೊಟ್ಟೆಯಿಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಹೆಚ್ಚಾಗಿ ರಾತ್ರಿ. ಫೆಬ್ರವರಿಯ ಹಗಲಿನಲ್ಲಿ ನಡೆದು "ಸ್ಥಾನಿಕ ಉಭಯವಾಸಿಗಳು ಕಂಡುಬಂದಿಲ್ಲ" ಎಂದು ಬರೆದಿದ್ದರೆ ಮಳೆಗಾಲದ ರಾತ್ರಿ ಸಮೀಕ್ಷೆಯನ್ನು ಲಿಖಿತವಾಗಿ ಕೇಳಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.